ಹೊಗೆಸೊಪ್ಪಿನ ಮನೆಯವನ ಮೊದಲ ಸಿಗಾರ್

ಅರವತ್ತಮೂರು ವರ್ಷ ಬೀಡಿ, ಸಿಗರೇಟುಗಳನ್ನು ತುಟಿಗೆ ಸೋಕಿಸದೆ ಬದುಕಿದವನು ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹಾಗೆ ಹೇಳುವ ಅಧಿಕಾರವೂ ನನಗಿಲ್ಲ. ಏಕೆಂದರೆ ನನ್ನ ಕಾಲೇಜಿನ ಶುಲ್ಕ, ಮೈಸೂರಿನ ಹಾಸ್ಟೆಲಿನ ಊಟ, ಅಕ್ಕನ ಮದುವೆಯ ಚಿನ್ನ ಎಲ್ಲವೂ ಬಂದದ್ದು ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ನಾಲ್ಕು ಎಕರೆಯ ಹೊಗೆಸೊಪ್ಪಿನಿಂದ. ಬೆಳೆಯಬಹುದು, ಮಾರಬಹುದು, ಬಾಯಿಗಿಡಬಾರದು ಎಂಬುದು ಅಪ್ಪ ಹಾಕಿದ ನಿಯಮ. ಅಂಥ ನಾನು 2023ರ ಸೆಪ್ಟೆಂಬರಿನ ಒಂದು ಸಂಜೆ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಿಂಡ್ಸರ್ ಎಂಬ ಊರಿನಲ್ಲಿ, ಮಗಳ ನೆರೆಮನೆಯ ಜಗಲಿಯ ಮೇಲೆ ಕುಳಿತು, ಹುರಿದ ಕಾಫಿಬೀಜದಷ್ಟು ಕಪ್ಪಾದ ಸಿಗಾರೊಂದನ್ನು ಒಂದೂವರೆ ಗಂಟೆ ಕಾಲ ಸೇದಿದೆ. ಅದನ್ನು ಕುರಿತು ಬರೆಯಲು ಇಷ್ಟು ದಿನ ಹಿಂಜರಿದೆ. ಕಾರಣ, ಅದು ನನಗೆ ಹಿಡಿಸಿತು.

ಪಕ್ಕದ ಹಾರ್ಟ್‌ಫರ್ಡ್ ನಗರ ವಿಮಾ ಕಂಪನಿಗಳ ತವರು. ಆ ಕಂಪನಿಗಳ ಲೆಕ್ಕಪತ್ರಗಳೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಬೆಂಗಳೂರು, ಮೈಸೂರು, ದಾವಣಗೆರೆಗಳ ನಮ್ಮ ಮಕ್ಕಳೂ ಅಲ್ಲಿ ನೆಲೆಸಿದ್ದಾರೆ. ನನ್ನ ಮಗಳೂ ಅವರಲ್ಲೊಬ್ಬಳು. ವಿಮಾನ ನಿಲ್ದಾಣದಿಂದ ಅವಳ ಮನೆಗೆ ಬರುವ ದಾರಿಯಲ್ಲಿ ಉದ್ದನೆಯ, ಕಿಟಕಿಗಳಿಲ್ಲದ, ಮಳೆ ಬಿಸಿಲಿಗೆ ಬಣ್ಣ ಮಾಸಿದ ಮರದ ಕಟ್ಟಡಗಳು ಹೊಲಗಳ ನಡುವೆ ನಿಂತಿದ್ದವು. ಅವುಗಳ ಗೋಡೆಯ ಹಲಗೆಗಳನ್ನು ಒಂದು ಬಿಟ್ಟು ಒಂದರಂತೆ ಹೊರಕ್ಕೆ ತೆರೆದಿಟ್ಟಿದ್ದರು. "ಅದೇನಮ್ಮಾ, ಕೋಳಿ ಫಾರಮ್ಮಾ?" ಎಂದೆ. "ಗೊತ್ತಿಲ್ಲಪ್ಪಾ, ಯಾವುದೋ ಹಳೇ ಕಾಲದ್ದು" ಎಂದಳು. ಏಳು ವರ್ಷ ಆ ದಾರಿಯಲ್ಲಿ ಓಡಾಡಿದ ಅವಳಿಗೆ ತಿಳಿಯದ್ದು ನನ್ನ ಮೂಗಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಕಾರಿನ ಗಾಜು ಇಳಿದಿತ್ತು. ಗಾಳಿಯಲ್ಲಿ ನಮ್ಮೂರಿನ ವಾಸನೆಯಿತ್ತು.

ವಿಂಡ್ಸರಿನಲ್ಲಿ ಹೊಗೆಸೊಪ್ಪಿನ ಬೇಸಾಯ ಶುರುವಾದದ್ದು 1640ರಲ್ಲಿ ಎಂದು ಅಲ್ಲಿನವರು ಲೆಕ್ಕವಿಟ್ಟಿದ್ದಾರೆ. ವಲಸೆ ಬಂದ ಇಂಗ್ಲಿಷರಿಗಿಂತ ಮೊದಲೇ ಆ ನದೀಬಯಲಿನ ಮೂಲನಿವಾಸಿಗಳು ಅದನ್ನು ಬೆಳೆದು ಸೇದುತ್ತಿದ್ದರು. ಈಗ ಬಹುಪಾಲು ಹೊಲಗಳು ಬಡಾವಣೆಗಳಾಗಿವೆ, ಗೋದಾಮುಗಳಾಗಿವೆ. ಉಳಿದಿರುವಷ್ಟು ನೆಲದಲ್ಲಿ ಬೆಳೆಯುವ ಅಗಲ ಎಲೆಯ ತಳಿಗೆ ಮಾತ್ರ ಸಿಗಾರಿನ ಲೋಕದಲ್ಲಿ ಇಂದಿಗೂ ಬೆಲೆಯಿದೆ. ಕಪ್ಪು ಸಿಗಾರಿನ ಮೇಲುಹೊದಿಕೆಗೆ ಅದು ಹೆಸರುವಾಸಿ. ಊರಿನ ನಾರ್ತ್‌ವೆಸ್ಟ್ ಪಾರ್ಕ್ ಎಂಬ ಉದ್ಯಾನದಲ್ಲಿ ಹೊಗೆಸೊಪ್ಪಿಗೇ ಮೀಸಲಾದ ವಸ್ತುಸಂಗ್ರಹಾಲಯವೊಂದು ಇದೆ. ಅಲ್ಲಿ ಹಳೆಯ ಬಾರ್ನಿನ ಹಲಗೆಯನ್ನು ಮುಟ್ಟಿ ನೋಡಿದಾಗ, ನಮ್ಮೂರಿನವರು 'ಬ್ಯಾರನ್' ಎನ್ನುವ ಮಾತು ಎಲ್ಲಿಂದ ಬಂತೆಂಬುದು ಅರುವತ್ತು ದಾಟಿದ ಮೇಲೆ ಮೊದಲ ಬಾರಿಗೆ ಹೊಳೆಯಿತು. ಚಿಕ್ಕಂದಿನಲ್ಲಿ ಅದನ್ನು ಅಚ್ಚ ಕನ್ನಡವೆಂದೇ ತಿಳಿದಿದ್ದೆ.

ನೆರೆಮನೆಯ ಹಿರಿಯರು ನನಗಿಂತ ಏಳೆಂಟು ವರ್ಷ ದೊಡ್ಡವರು, ನಿವೃತ್ತ ಶಾಲಾ ಬಸ್ ಚಾಲಕರು. ದಿನವೂ ಸಂಜೆ ನಾನು ಹೊಲದ ಬದುವಿನವರೆಗೆ ನಡೆದುಹೋಗಿ, ಬಿದ್ದ ಎಲೆಯನ್ನು ಕೈಯಲ್ಲಿ ಹೊಸಕಿ ಮೂಸುತ್ತಿದ್ದುದನ್ನು ಅವರು ಗಮನಿಸಿದ್ದರು. ಒಂದು ದಿನ ಕೇಳಿಯೇಬಿಟ್ಟರು. ನಾನು ಯಾರ ಮಗನೆಂದು ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, ತಮ್ಮ ತಂದೆ ಜಮೈಕಾದಿಂದ ಇದೇ ಸೊಪ್ಪು ಮುರಿಯಲು ಬಂದವರೆಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಗಂಡಸರು ಸೇನೆಗೂ ಕಾರ್ಖಾನೆಗೂ ಹೋದಾಗ, ಹೊಲಗಳಿಗೆ ಕೆರಿಬಿಯನ್ ದ್ವೀಪಗಳಿಂದ ಕೂಲಿಯಾಳುಗಳನ್ನು ಕರೆತಂದರು. ಹಲವರು ಇಲ್ಲೇ ನಿಂತರು. ದಕ್ಷಿಣದ ಕಪ್ಪು ವಿದ್ಯಾರ್ಥಿಗಳೂ ಬೇಸಿಗೆಯಲ್ಲಿ ಬರುತ್ತಿದ್ದರು. 1944ರಲ್ಲಿ ಹಾಗೆ ಪಕ್ಕದ ಸಿಮ್ಸ್‌ಬರಿಯ ಹೊಗೆಸೊಪ್ಪಿನ ಹೊಲಕ್ಕೆ ಬಂದ ಹದಿನೈದರ ಹುಡುಗನೊಬ್ಬ, ಹಾರ್ಟ್‌ಫರ್ಡಿನ ಒಳ್ಳೆಯ ಹೋಟೆಲಿನಲ್ಲಿ ತಾನು ಕುಳಿತು ಉಂಡೆನೆಂಬ ಬೆರಗನ್ನು ತಾಯಿಗೆ ಕಾಗದದಲ್ಲಿ ಬರೆದ. ಅವನ ಹೆಸರು ಮಾರ್ಟಿನ್ ಲೂಥರ್ ಕಿಂಗ್.

ಮರುದಿನ ಸಂಜೆ ಹಿರಿಯರು ಎರಡು ಸಿಗಾರ್ ತಂದು ಜಗಲಿಯ ಮೇಜಿನ ಮೇಲಿಟ್ಟರು. ಒಂದೊಂದಕ್ಕೆ ಹದಿನಾಲ್ಕು ಡಾಲರ್ ಎಂದು ಆಮೇಲೆ ತಿಳಿಯಿತು. ಬೇಡವೆನ್ನಲು ಬಾಯಿ ತೆರೆದೆ. "ಇದರ ಹೊರಗಿನ ಎಲೆ ಈ ಬಯಲಿನದು" ಎಂದರು. ಬಾಯಿ ಮುಚ್ಚಿದೆ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನ ಕುತೂಹಲ ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನಮ್ಮನ್ನು ಸಾಕಿದ ಎಲೆಯ ರುಚಿ ಹೇಗಿರುತ್ತದೆಂಬ ಪ್ರಶ್ನೆ ಅರವತ್ತು ವರ್ಷಗಳಿಂದ ಒಳಗೇ ಇತ್ತು.

ಮೊದಲು ಕೈಯಲ್ಲಿ ಹಿಡಿದು ನೋಡಿದೆ. ಗೇಣುದ್ದ, ಹೆಬ್ಬೆರಳಿನ ಗಾತ್ರ. ಹಳೆಯ ಹುಣಸೆಹಣ್ಣಿನ ಕಪ್ಪು, ಅದರ ಮೇಲೆ ಎಣ್ಣೆಯ ತೆಳು ಹೊಳಪು. ಎಲೆಯ ನರಗಳು ಬೆರಳಿಗೆ ಸಿಗುತ್ತಿದ್ದವು. ಮೇಲ್ಮೈ ನುಣುಪಲ್ಲ, ಮರಳು ಸಿಂಪಡಿಸಿದಂಥ ತರಿ. ಮೂಸಿದರೆ ಒಣಹುಲ್ಲು, ಗೊಬ್ಬರದ ಮನೆ, ಕಾಕಂಬಿ, ಕೋಕೋ. ಸಿಗಾರಿನಲ್ಲಿ ಮೂರು ಅಂಗಗಳು: ಒಳಗಿನ ತುಂಬೆಲೆಗಳು, ಅವನ್ನು ಬಿಗಿದು ಹಿಡಿಯುವ ಕಟ್ಟೆಲೆ, ಎಲ್ಲಕ್ಕೂ ಮೇಲೆ ಈ ಹೊದಿಕೆ. ಕಪ್ಪು ಹೊದಿಕೆಯ ಜಾತಿಗೆ 'ಮಡೂರೊ' ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಮಾಗಿದ್ದು ಎಂದರ್ಥ. ಕಪ್ಪಗಿದ್ದುದರಿಂದ ಖಾರ ಹೆಚ್ಚೆಂದು ನಾನು ಭಾವಿಸಿದ್ದೆ, ಬಹಳ ಜನ ಹಾಗೇ ಭಾವಿಸುತ್ತಾರೆ. ನಿಜವಾಗಿ ಸಿಗಾರಿನ ಅಮಲು ಮುಖ್ಯವಾಗಿ ನಿಂತಿರುವುದು ಒಳಗಿನ ಎಲೆಗಳ ಮೇಲೆ, ಅದರಲ್ಲೂ ಗಿಡದ ತುದಿಯಲ್ಲಿ ಬಿಸಿಲುಂಡು ದಪ್ಪಗಾದ ಎಲೆಗಳ ಮೇಲೆ. ಹೊದಿಕೆಯ ಕಪ್ಪು ಬಲದ ಗುರುತಲ್ಲ, ಕಾಲದ ಗುರುತು.

ಈ ಕಾಲದ ವಿಷಯದಲ್ಲೇ ಅವರ ಬಾರ್ನಿಗೂ ನಮ್ಮ ಬ್ಯಾರನ್ನಿಗೂ ಇರುವ ದೂರ ನನಗೆ ಅರ್ಥವಾದದ್ದು. ನಮ್ಮ ಹುಣಸೂರು, ಪಿರಿಯಾಪಟ್ಟಣಗಳದು ಸಿಗರೇಟಿಗೆ ಹೋಗುವ ವರ್ಜೀನಿಯಾ ಸೊಪ್ಪು. ಅದನ್ನು ಮುರಿದ ದಿನವೇ ಕೋಲಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ ಬಾಗಿಲು ಬಿಗಿಯುತ್ತೇವೆ. ಕೆಳಗೆ ಸೌದೆಯ ಉರಿ. ಕೊಳವೆಯ ಮೂಲಕ ಕಾವು ಮಾತ್ರ ಒಳಕ್ಕೆ. ಐದಾರು ದಿನ, ಐದಾರು ರಾತ್ರಿ. ಮೂವತ್ತೈದು ಡಿಗ್ರಿಯಿಂದ ಹಂತಹಂತವಾಗಿ ಎಪ್ಪತ್ತರ ಗಡಿಗೆ ಏರಿಸಬೇಕು. ಅಪ್ಪ ಆ ರಾತ್ರಿಗಳಲ್ಲಿ ಕಂಬಳಿ ಹೊದ್ದು ಒಲೆಯ ಬಾಯಿಯ ಬಳಿಯೇ ಮಲಗುತ್ತಿದ್ದರು. ಒಂದು ಹೊತ್ತು ಉರಿ ತಪ್ಪಿದರೆ ಹಳದಿ ಹೋಗಿ ಎಲೆ ಕಂದು ತಿರುಗುತ್ತದೆ, ದರ್ಜೆ ಬೀಳುತ್ತದೆ. ನಮ್ಮಲ್ಲಿ ಕಂದು ಎಂದರೆ ಸಾಲ. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಬಂದ ಮೇಲೂ ಬೇಲಿನ ಮುಂದೆ ನಿಂತ ಅಪ್ಪನ ಕಣ್ಣು ಖರೀದಿದಾರನ ಮುಖದ ಮೇಲಿರುತ್ತಿರಲಿಲ್ಲ. ಎಲೆಯ ಬಣ್ಣದ ಮೇಲಿರುತ್ತಿತ್ತು.

ವಿಂಡ್ಸರಿನವರು ಆ ಕಂದು ಬಣ್ಣಕ್ಕಾಗಿಯೇ ಕಾಯುತ್ತಾರೆ. ಗಿಡವನ್ನು ಬುಡಸಮೇತ ಕಡಿದು, ಐದಾರು ಗಿಡಗಳನ್ನು ಒಂದು ಪಟ್ಟಿಗೆ ಚುಚ್ಚಿ, ಬಾರ್ನಿನಲ್ಲಿ ತಲೆಕೆಳಗಾಗಿ ತೂಗುಹಾಕುತ್ತಾರೆ. ಗೋಡೆಯ ಹಲಗೆಗಳನ್ನು ತೆರೆದು ಮುಚ್ಚಿ ಗಾಳಿಯನ್ನು ಹದಮಾಡುವುದೇ ಮುಖ್ಯ ಕೆಲಸ. ಎಲೆ ಆರೆಂಟು ವಾರ ತನ್ನ ಪಾಡಿಗೆ ತಾನು ಸಾಯುತ್ತದೆ. ಆಮೇಲೆ ಅದನ್ನು ರಾಶಿ ಹಾಕುತ್ತಾರೆ, ಬಹಳಷ್ಟು ಸಲ ನಿಕರಾಗುವಾ, ಡೊಮಿನಿಕನ್ ಗಣರಾಜ್ಯಗಳಿಗೆ ಹಡಗಿನಲ್ಲಿ ಕಳಿಸಿದ ಮೇಲೆ. ಎದೆಯೆತ್ತರದ ರಾಶಿ. ಸಗಣಿಗುಂಡಿಯ ಗೊಬ್ಬರದಂತೆ ಅದು ಒಳಗೊಳಗೇ ಬಿಸಿಯಾಗುತ್ತದೆ, ಅಮೋನಿಯಾ ಬಿಡುತ್ತದೆ. ನಡುವೆ ಉಷ್ಣಮಾಪಕ ತೂರಿಸಿಟ್ಟು, ಕಾವು ಮಿತಿ ಮೀರಿದಾಗ ರಾಶಿ ಒಡೆದು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಕಟ್ಟುತ್ತಾರೆ. ತೆಳು ಎಲೆ ಇದನ್ನು ತಡೆಯದೆ ಹರಿದುಹೋಗುತ್ತದೆ. ಅಗಲ ಎಲೆಯ ದಪ್ಪ ಚರ್ಮ ತಡೆಯುತ್ತದೆ. ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆದಾಗ ಬರುವುದು ಈ ಕಪ್ಪು. ಕಾಯುವ ತಾಳ್ಮೆಯಿಲ್ಲದೆ ಎಲೆಯನ್ನು ಬೇಯಿಸಿ, ಬಣ್ಣ ಬಳಿದು ಕಪ್ಪು ಮಾಡುವವರೂ ಇದ್ದಾರಂತೆ. ಅದರಲ್ಲಿ ಆಶ್ಚರ್ಯವಿಲ್ಲ; ಕಾಫಿಪುಡಿಗೆ ಹುಣಸೆಬೀಜ ಬೆರೆಸುವುದನ್ನು ಕಂಡವರು ನಾವು.

ಹಿರಿಯರು ಸಿಗಾರಿನ ತಲೆಯ ತುದಿಯನ್ನು ಕತ್ತರಿಸಿ ನನಗೆ ಕೊಟ್ಟರು. ಇನ್ನೊಂದು ತುದಿಯನ್ನು ಉರಿಗೆ ತಾಗಿಸದೆ, ತುಸು ಮೇಲೆ ಹಿಡಿದು, ಹಪ್ಪಳ ಸುಡುವಂತೆ ತಿರುಗಿಸಬೇಕು. ಅಂಚು ಸುತ್ತಲೂ ಕೆಂಪಾದ ಮೇಲೆ ಮೊದಲ ಎಳೆತ. "ಒಳಗೆ ಎಳೆದುಕೊಳ್ಳಬೇಡಿ. ಬಾಯಲ್ಲಿ ತುಂಬಿಕೊಳ್ಳಿ, ಇರಲು ಬಿಡಿ, ಬಿಟ್ಟುಬಿಡಿ" ಎಂದರು. ಹೊಗೆ ಎಂದರೆ ಕೆಮ್ಮು, ಕಣ್ಣೀರು ಎಂದು ಕಾದಿದ್ದವನಿಗೆ ನಾಲಿಗೆಯ ಮೇಲೆ ಬಂದು ಕುಳಿತದ್ದು ಗಟ್ಟಿಯಾದ, ತಂಪಾದ, ತೂಕವುಳ್ಳ ಏನೋ ಒಂದು. ಮೊದಲು ಕಾಳುಮೆಣಸಿನ ಚುರುಕು. ಅದು ಇಳಿದ ಮೇಲೆ ಹುರಿದ ಕಾಫಿ. ಅದರ ಹಿಂದೆ, ಬೆಲ್ಲದ ಪಾಕ ತಳ ಹಿಡಿಯುವ ಕ್ಷಣ ಅಡುಗೆಮನೆಯಲ್ಲಿ ಏಳುತ್ತದಲ್ಲ, ಆ ಸುಟ್ಟ ಸಿಹಿ. ತುಟಿಗೆ ಅಂಟಿದ ಎಲೆಯೇ ಸಿಹಿಯಾಗಿತ್ತು ಎನಿಸಿ ಎರಡು ಬಾರಿ ತುಟಿ ಸವರಿಕೊಂಡೆ.

ನಿಮಿಷಕ್ಕೊಂದು ಎಳೆತ, ಅಷ್ಟೇ. ಅವಸರಿಸಿದರೆ ಬಿಸಿಯೇರಿ ಕಹಿಯಾಗುತ್ತದೆ, ಮರೆತರೆ ಆರುತ್ತದೆ. ಹೊದಿಕೆ ದಪ್ಪವಾದ್ದರಿಂದ ಅದು ಒಳಗಿನ ಎಲೆಗಿಂತ ನಿಧಾನವಾಗಿ ಉರಿಯುತ್ತಿತ್ತು. ಒಂದು ಪಕ್ಕ ಹಿಂದುಳಿದಾಗ ಹಿರಿಯರು ಕಡ್ಡಿ ಗೀರಿ ಅದನ್ನಷ್ಟೇ ಸರಿಮಾಡಿಕೊಟ್ಟರು. ಬೂದಿ ಉದುರಲಿಲ್ಲ. ಬೆರಳಗಲದ ಬೂದಿ, ಎಲೆಯ ಸುರುಳಿಯನ್ನು ಹಾಗೇ ಉಳಿಸಿಕೊಂಡು, ತುದಿಯಲ್ಲಿ ನಿಂತಿತ್ತು. ನಾವು ಹೆಚ್ಚು ಮಾತಾಡಲಿಲ್ಲ. ಹೊಲದ ಆಚೆ ಬಾರ್ನಿನ ಹಲಗೆಗಳನ್ನು ಯಾರೋ ರಾತ್ರಿಗೆಂದು ಒಂದೊಂದಾಗಿ ಮುಚ್ಚುತ್ತಿದ್ದರು. ನನ್ನ ಎಡಗೆನ್ನೆಯೊಳಗೆ ಒಂದು ಹಿತವಾದ ಜೋಮು ಹರಡತೊಡಗಿತು.

ಆಗ ಅವ್ವನ ನೆನಪು ಬಂತು.

ಅವ್ವ ಮಧ್ಯಾಹ್ನದ ಪಾತ್ರೆ ಬೆಳಗಿ ಮುಗಿಸಿ ಹೊಸ್ತಿಲ ಬಳಿ ಕೂರುತ್ತಿದ್ದಳು. ಎಲೆಗೆ ಸುಣ್ಣ ಸವರಿ, ಅಡಕೆ ಇಟ್ಟು, ಸೊಂಟದ ಚೀಲದಿಂದ ಒಂದು ಚಿಟಿಕೆ ಕಡ್ಡಿಪುಡಿ ತೆಗೆದು ಎಡಗೆನ್ನೆಯೊಳಗೆ ಒತ್ತಿಕೊಳ್ಳುತ್ತಿದ್ದಳು. ಕಡ್ಡಿಪುಡಿ ನಮ್ಮ ಹೊಲದ ಸೊಪ್ಪಿನದಲ್ಲ, ಸಂತೆಯಿಂದ ತಂದ ನಾಟಿ ಹೊಗೆಸೊಪ್ಪಿನದು. ಅಪ್ಪನ ನಿಯಮ ಅವ್ವನಿಗೆ ತಾಗುತ್ತಿರಲಿಲ್ಲ. ಎಲೆಯಡಕೆಯನ್ನು ಯಾರೂ ಚಟವೆಂದು ಎಣಿಸಿದ್ದಿಲ್ಲ. ಆ ಅರ್ಧಗಂಟೆ ಅವಳು ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಬ್ಯಾರನ್ನಿನ ಕಾಲದಲ್ಲಂತೂ ನಸುಕಿನಿಂದ ರಾತ್ರಿಯವರೆಗೆ ಸೊಪ್ಪು ಕಟ್ಟಿ ಬೆರಳು ಕಪ್ಪಾದ ಹೆಂಗಸಿಗೆ ದಿನದಲ್ಲಿ ತನ್ನದೆಂದು ಇದ್ದದ್ದು ಅದೊಂದೇ ಹೊತ್ತು. 1993ರಲ್ಲಿ ಅದೇ ಎಡಗೆನ್ನೆಯೊಳಗೆ ಹುಣ್ಣಾಯಿತು. ಮರುವರ್ಷ ಹೋದಳು. ಅಷ್ಟು ಓದಿ ಲೆಕ್ಚರರ್ ಆಗಿದ್ದ ನಾನು, ಹುಣ್ಣಿಗೆ ಮೊದಲೂ ಆಮೇಲೂ, ಅವಳಿಗೆ ಹೇಳಿದ್ದು ಒಂದೇ ಮಾತು: "ಅದರಲ್ಲಿ ಏನಿದೆ ಅಂತ ಹಾಕ್ಕೊಳ್ತೀಯಾ?" ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಅದರಲ್ಲಿ ಏನಿದೆ ಎಂಬುದಕ್ಕೆ ರಸಾಯನಶಾಸ್ತ್ರದ ಉತ್ತರ ನನಗೆ ಆಗಲೂ ಗೊತ್ತಿತ್ತು. ನಮ್ಮೂರಿನ ಬೆಂಕಿ ಕಾಯಿಸಿದ ಸೊಪ್ಪಿನಲ್ಲಿ ಸಕ್ಕರೆ ಉಳಿದಿರುತ್ತದೆ, ಅದರ ಹೊಗೆ ಆಮ್ಲೀಯ. ಆ ಹೊಗೆಯ ನಿಕೋಟಿನ್ ಬಾಯಿಯ ಚರ್ಮದಲ್ಲಿ ಸುಲಭಕ್ಕೆ ಇಂಗುವುದಿಲ್ಲ. ಆದ್ದರಿಂದಲೇ ಸಿಗರೇಟು ಸೇದುವವನು ಹೊಗೆಯನ್ನು ಶ್ವಾಸಕೋಶಕ್ಕೆ ಇಳಿಸಬೇಕು. ಗಾಳಿಯಲ್ಲಿ ಒಣಗಿ, ರಾಶಿಯಲ್ಲಿ ಕಳಿತ ಸಿಗಾರಿನ ಎಲೆಯ ಹೊಗೆ ಕ್ಷಾರೀಯ. ಕೆನ್ನೆಯ ಒಳಪದರವೇ ನಿಕೋಟಿನ್ನನ್ನು ಹೀರುತ್ತದೆ. ಅವ್ವನ ಎಲೆಗೆ ಸವರಿದ ಸುಣ್ಣ ಮಾಡುತ್ತಿದ್ದುದೂ ಅದನ್ನೇ. ಹದಿನಾಲ್ಕು ಡಾಲರಿನ ಸಿಗಾರಿಗೂ ಸಂತೆಯ ಕಡ್ಡಿಪುಡಿಗೂ ದಾರಿ ಒಂದೇ. ತಿಳಿದಿದ್ದ ಈ ಪಾಠವನ್ನು ನನ್ನ ಕೆನ್ನೆ ಅಂದು ಮೊದಲ ಬಾರಿಗೆ ಓದಿತು. ಅದರಲ್ಲಿ ಇದ್ದದ್ದು ಹಿತ. ಅಚ್ಚ ಹಿತ. ಅವ್ವನ ನಗುವಿಗೆ ಬೇರೆ ಅರ್ಥಗಳನ್ನು ನಾನು ಮೂವತ್ತು ವರ್ಷ ಹುಡುಕಿದ್ದೆ.

ಅರ್ಧ ದಾಟಿದ ಮೇಲೆ ಸಿಗಾರ್ ಗಾಢವಾಯಿತು. ಸಿಹಿ ಹಿಂದೆ ಸರಿದು ಮಣ್ಣು, ತೊಗಲು, ಕಹಿ ಮುಂದೆ ಬಂದವು. ಇನ್ನೊಂದು ಅಂಗುಲಕ್ಕೆ ಹಣೆಯ ಮೇಲೆ ತಣ್ಣನೆಯ ಬೆವರು ಮೂಡಿತು, ಜಗಲಿಯ ಕಂಬ ನಿಧಾನವಾಗಿ ವಾಲಿದಂತಾಯಿತು. ಹೊಟ್ಟೆ ತೊಳೆಸಿತು. ಅದು ನನಗೆ ಹೊಸದಲ್ಲ. 1971ರ ಶ್ರಾವಣದ ಒಂದು ಬೆಳಿಗ್ಗೆ, ಮಳೆಯಲ್ಲಿ ನೆನೆದ ಸೊಪ್ಪನ್ನು ತೋಳಿನ ಮೇಲೆ ಹೊರೆಹೊರೆಯಾಗಿ ಹೊತ್ತು ಸಾಲಿನ ಕೊನೆಗೆ ಸಾಗಿಸುತ್ತಿದ್ದ ಹನ್ನೊಂದು ವರ್ಷದ ನಾನು, ಹತ್ತನೆಯ ಹೊರೆಗೆ ಬದುವಿನ ಮೇಲೆ ಕುಸಿದು ವಾಂತಿ ಮಾಡಿದ್ದೆ. ದೃಷ್ಟಿಯಾಗಿದೆ ಎಂದು ಅಜ್ಜಿ ಉಪ್ಪು ನೀವಾಳಿಸಿದಳು. ಅವ್ವ ಮಾತಾಡದೆ ನನ್ನ ತೋಳುಗಳನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು, ಬೆಲ್ಲದ ಪಾನಕ ಕುಡಿಸಿದಳು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕಿಳಿದು ಹೀಗಾಗುತ್ತದೆಂದು ವೈದ್ಯವಿಜ್ಞಾನ ಈಗ ಹೇಳುತ್ತದೆ. ಬಾಯಿಗಿಡಬಾರದೆಂಬ ಅಪ್ಪನ ನಿಯಮವನ್ನು ನಾನು ಪಾಲಿಸುತ್ತಿದ್ದ ಕಾಲದಲ್ಲೇ ಎಲೆ ತೋಳಿನಿಂದ ಒಳಗೆ ಬಂದಿತ್ತು.

ಹಿರಿಯರು ನನ್ನ ಮುಖ ನೋಡಿ ಎದ್ದು ಒಳಗೆ ಹೋದರು. ತಂದದ್ದು ಸಿಹಿಯಾದ ಶುಂಠಿ ಪಾನೀಯ. "ನನಗೆ ಹದಿನಾಲ್ಕು ವರ್ಷ" ಎಂದರು, ಏನನ್ನೂ ವಿವರಿಸದೆ. "ಬಿಳಿ ಬಟ್ಟೆಯ ಗುಡಾರದ ಕೆಳಗೆ. ಒಳಗೆ ಒಲೆಯಂಥ ಸೆಕೆ. ನಮ್ಮಮ್ಮ ಇದನ್ನೇ ಕೊಡುತ್ತಿದ್ದರು." ತಿಳಿಬಣ್ಣದ ಹೊದಿಕೆಗಾಗಿ ನೆರಳಿನಲ್ಲಿ ಎಲೆ ಬೆಳೆಯುವ ಬಟ್ಟೆಯ ಗುಡಾರಗಳು ಆ ಬಯಲಿಗೆ ಬಂದದ್ದು 1900ರಲ್ಲಿ, ರಜೆಯ ಮಕ್ಕಳೇ ಅವುಗಳ ಅಗ್ಗದ ಆಳುಗಳು. ಪಾನೀಯ ಕುಡಿದೆ. ಹತ್ತು ನಿಮಿಷಕ್ಕೆ ಕಂಬ ನೆಟ್ಟಗಾಯಿತು. ಉಳಿದ ಸಿಗಾರನ್ನು ಬೂದಿಬಟ್ಟಲಿನ ಅಂಚಿಗಿಟ್ಟೆ. ಸಿಗರೇಟಿನಂತೆ ಅದನ್ನು ಹೊಸಕಿ ಆರಿಸುವುದಿಲ್ಲ. ತಾನಾಗಿ ಆರಲು ಬಿಡುತ್ತಾರೆ.

ಮನೆಗೆ ಬಂದಾಗ ಮಗಳು ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದಳು. "ಅಜ್ಜಿ ಹೇಗೆ ಹೋದರು ಅಂತ ಮರೆತೇಬಿಟ್ರಾ ಅಪ್ಪಾ?" ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಸೊಪ್ಪು ಇರಬಹುದು. ಒಳಗೆಳೆಯದಿದ್ದರೆ ಅಪಾಯವಿಲ್ಲವೆಂಬ ಸಿಗಾರಿಗರ ನಂಬಿಕೆಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ 1998ರ ವರದಿಯೇ ಅಲ್ಲಗಳೆದಿದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಾವುದನ್ನೂ ಅದು ಬಿಡುವುದಿಲ್ಲ. ಉಳ್ಳವರ ಕೈಯಲ್ಲಿ ಇದು ಅಭಿರುಚಿ ಎನಿಸಿಕೊಳ್ಳುತ್ತದೆ, ಹೊಸ್ತಿಲ ಬಳಿಯ ಹೆಂಗಸಿನ ಕೆನ್ನೆಯಲ್ಲಿ ಅಜ್ಞಾನ ಎನಿಸಿಕೊಳ್ಳುತ್ತದೆ, ಇಷ್ಟೇ ವ್ಯತ್ಯಾಸ. "ಮರೆತಿಲ್ಲಮ್ಮಾ" ಎಂದೆ. ಮುಂದೆ ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಅಂಗಿ ಬಿಚ್ಚಿ ಒಗೆಯಲು ಹಾಕಿದೆ.

ಹೊರಡುವ ದಿನ ಹಿರಿಯರು ಇನ್ನೊಂದು ಮಡೂರೊ ಕೊಟ್ಟರು. ಒಂದು ವರ್ಷ ಇಡಿ, ಇನ್ನೂ ಮಾಗುತ್ತದೆ ಎಂದರು. ಸಿಗಾರ್ ಇಡಲು ನೂರಕ್ಕೆ ಅರವತ್ತೈದರಿಂದ ಎಪ್ಪತ್ತರಷ್ಟು ತೇವ ಹದವಂತೆ. ಅದಕ್ಕೆಂದೇ ದೇವದಾರಿನಂಥ ಮರದ ಪೆಟ್ಟಿಗೆಗಳಿವೆ. ನಾನು ಅದನ್ನು ಮೈಸೂರಿನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಪುಸ್ತಕದ ಕಪಾಟಿನ ಹಿಂದೆ ಸರಿಸಿದೆ. ಸೇದುವ ಯೋಚನೆ ಇತ್ತೇ ಎಂದರೆ, ಇತ್ತು. ಮರುವರ್ಷದ ಆಷಾಢದಲ್ಲಿ ತೆಗೆದು ನೋಡಿದರೆ ಕಪ್ಪು ಎಲೆಯ ಮೇಲೆ ಬಿಳಿಯ ಬೂಷ್ಟು ನಯವಾಗಿ ಹಬ್ಬಿತ್ತು.

ಎಸೆಯಲು ಮನಸ್ಸಾಗಲಿಲ್ಲ. ಹಿತ್ತಲಿನ ಅವರೆಬಳ್ಳಿಗೆ ಆಗ ಹೇನು ಮುತ್ತಿತ್ತು. ಅವ್ವ ಬ್ಯಾರನ್ನಿನ ಕಸ, ಸೊಪ್ಪಿನ ಕಡ್ಡಿಗಳನ್ನು ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಆ ನೀರನ್ನು ಚಿಮುಕಿಸುತ್ತಿದ್ದಳು. ಸಿಗಾರಿನ ಸುರುಳಿ ಬಿಚ್ಚಿದೆ. ಕಪ್ಪು ಹೊದಿಕೆ ಉದ್ದಕ್ಕೆ, ಒಂದೇ ಪಟ್ಟಿಯಾಗಿ, ಹರಿಯದೆ ಬಂತು. ಎಲ್ಲವನ್ನೂ ಬಕೆಟ್ಟಿನಲ್ಲಿ ನೆನೆಹಾಕಿ, ಮಾರನೆಯ ಬೆಳಿಗ್ಗೆ ಸೋಸಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಳ್ಳಿಗೆ ಚಿಮುಕಿಸಿದೆ. ಎರಡು ದಿನದಲ್ಲಿ ಹೇನು ಹೋಯಿತು. ಬಕೆಟ್ಟನ್ನು ಎಷ್ಟು ತಿಕ್ಕಿದರೂ ವಾಸನೆ ಹೋಗಲಿಲ್ಲವೆಂದು ಮನೆಯವಳು ಅದನ್ನು ಹಿತ್ತಲಲ್ಲೇ ಬಿಟ್ಟಿದ್ದಾಳೆ.